ಬೆನ್ನು ನೆಲಕ್ಕೆ ತಾಗಿದರೆ ಏನಾಗುತ್ತದೆ?

ಕುಸ್ತಿ ನೋಡಲು ಹೋದವರ ಕಣ್ಣು ಮೊದಲು ಹೋಗುವುದು ಪೈಲ್ವಾನರ ತೋಳಿನ ಕಡೆ, ತೊಡೆಯ ಕಡೆ. ಯಾರು ಎತ್ತರ, ಯಾರು ದಪ್ಪ, ಯಾರು ಗೆಲ್ಲಬಹುದು ಅಂತ ಪಕ್ಕದವರ ಜೊತೆ ವಾದವೂ ನಡೆಯುತ್ತದೆ. ಆದರೆ ಒಳಗಿನ ಆಟವೆಲ್ಲ ಬೆನ್ನಿನ ಸುತ್ತ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತೋ, ಪಂದ್ಯ ಮುಗಿಯಿತು. ಒಲಿಂಪಿಕ್ಸಿನ ಮ್ಯಾಟ್ ಕುಸ್ತಿಯಲ್ಲಿ ಬೆನ್ನು ನೆಲದ ಕಡೆ ವಾಲಿದರೂ ಸಾಕು, ಎದುರಾಳಿಗೆ ಪಾಯಿಂಟ್. ಜೂಡೋದಲ್ಲಿ ಒಬ್ಬ ಇನ್ನೊಬ್ಬನನ್ನು ಎತ್ತಿ ಬೆನ್ನ ಮೇಲೆ ಧೊಪ್ ಅಂತ ಹಾಕಿದರೆ ಇಬ್ಬರೂ ಬಾಗಿ ನಮಸ್ಕಾರ ಮಾಡಿ ಮನೆಗೆ ಹೋಗಬಹುದು. ನೆಲದ ಮೇಲೆ ಹಿಡಿದು ಸೋಲಿಸುವ ಆಟವಾದ ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಮಾತ್ರ ಕೆಲವರು ಪಂದ್ಯ ಶುರುವಾದ ಕೂಡಲೇ ತಾವಾಗಿಯೇ ಅಂಗಾತ ಮಲಗಿಬಿಡುತ್ತಾರೆ. ಯಾರೂ ಬೀಳಿಸಿರುವುದಿಲ್ಲ. ಅವರ ದಾಳಿ ಶುರುವಾಗುವುದೇ ಅಲ್ಲಿಂದ.

ನಾನು ಹುಡುಗನಾಗಿದ್ದಾಗ ಮೈಸೂರಿನ ಒಂದು ಗರಡಿಮನೆಯಲ್ಲಿ ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡವನು. ಸೋದರಮಾವ ಕೈ ಹಿಡಿದು ಕರೆದುಕೊಂಡು ಹೋಗಿದ್ದರು. ಈಗ ನಲವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಜಿಯು-ಜಿಟ್ಸು ಕ್ಲಾಸಿಗೆ ಹೋಗುತ್ತೇನೆ. ಎರಡೂ ಕಡೆ ಮೊದಲು ಹೇಳಿಕೊಟ್ಟದ್ದು ಹೆಚ್ಚುಕಡಿಮೆ ಒಂದೇ. ನಿಲ್ಲುವುದು, ಹಿಡಿಯುವುದು, ಅಲ್ಲಾಡಿಸುವುದು, ಬೀಳಿಸುವುದು. ದಾರಿ ಬೇರೆಯಾಗಿದ್ದು ಬಿದ್ದ ಮೇಲೆ. ಪಂದ್ಯ ಯಾವಾಗ ಮುಗಿಯುತ್ತದೆ ಅನ್ನುವ ಒಂದೇ ಒಂದು ನಿಯಮ ಮೈಗೆ ಎಂಥೆಂಥ ಅಭ್ಯಾಸ ಹಚ್ಚಿಬಿಡುತ್ತದೆ ಅನ್ನುವುದು ನನಗೆ ಅರ್ಥವಾಗಿದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ.

ಮೊದಲು ನಿಲ್ಲುವ ವಿಷಯ. ಅದರಲ್ಲೇನು ಮಹಾ ಅನ್ನಿಸುತ್ತದೆ, ಅಲ್ವಾ? ಮೊಣಕಾಲು ಸ್ವಲ್ಪ ಬಾಗಿರಬೇಕು. ಮೈಭಾರ ಮುಂಗಾಲಿನ ಮೇಲಿರಬೇಕು. ಮೊಣಕೈ ಪಕ್ಕೆಗೆ ಅಂಟಿರಬೇಕು. ಬೆನ್ನು ನೇರ, ತಲೆ ಮೇಲೆ. ಸೊಂಟ ಬಗ್ಗಿಸಿ ತಲೆ ತಗ್ಗಿಸಿ ನಿಂತವನ ಕತ್ತಿಗೆ ಯಾರು ಬೇಕಾದರೂ ಕೈ ಹಾಕಿ ಮುಂದಕ್ಕೆ ಜಗ್ಗಬಹುದು. ನಮ್ಮ ಉಸ್ತಾದರದು ಮಾತು ಕಡಿಮೆ, ಕೈಯಲ್ಲಿ ಒಂದು ಬೆತ್ತ. ಯಾವ ಹುಡುಗನ ಹಿಮ್ಮಡಿ ಮಣ್ಣಿಗೆ ಪೂರ್ತಿ ಊರಿದೆಯೋ ಅಲ್ಲಿಗೆ ಬಂದು ಬೆತ್ತದ ತುದಿಯಿಂದ ಹಿಮ್ಮಡಿ ತಟ್ಟುತ್ತಿದ್ದರು. "ಏನ್ಲಾ, ಬಸ್ಸಿಗೆ ಕಾಯ್ತಿದ್ದೀಯಾ?" ಬೆಂಗಳೂರಿನ ಕೋಚ್ ಬೆತ್ತ ಹಿಡಿಯುವುದಿಲ್ಲ. ಹೇಳುವುದು ಅದನ್ನೇ.

ಆಮೇಲೆ ಕೈ. ಪಂದ್ಯದ ಮೊದಲ ನಿಮಿಷ ನೋಡುವವರಿಗೆ ಬೇಜಾರು. ಇಬ್ಬರೂ ಸುಮ್ನೆ ಒಬ್ಬರ ಕೈ ಒಬ್ಬರು ತಟ್ಟಿಕೊಂಡು ಸುತ್ತುತ್ತಿರುತ್ತಾರೆ. "ಹಿಡೀರೋ!" ಅಂತ ಗ್ಯಾಲರಿಯಿಂದ ಕೂಗು ಏಳುವುದು ಆಗಲೇ. ನಿಜ ಹೇಳಬೇಕೆಂದರೆ ಅರ್ಧ ಪಂದ್ಯ ಅಲ್ಲೇ ತೀರ್ಮಾನವಾಗಿರುತ್ತದೆ. ಕತ್ತಿನ ಹಿಂದೆ ಅಂಗೈ ಇಟ್ಟು, ಅದೇ ಕೈಯ ಮೊಣಕೈಯನ್ನು ಎದುರಾಳಿಯ ಎದೆಗೆ ಒತ್ತಿ ಹಿಡಿಯುವುದು ಒಂದು ಹಿಡಿತ. ಅವನ ಮಣಿಕಟ್ಟನ್ನು ಒಂದು ಕೈಯಲ್ಲಿ, ಅದೇ ತೋಳಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದು ತೋಳನ್ನೇ ಕಟ್ಟಿಹಾಕುವುದು ಇನ್ನೊಂದು. ಆದರೆ ಎಲ್ಲಕ್ಕಿಂತ ಬೆಲೆ ಇರುವುದು ಕಂಕುಳ ಕೆಳಗಿನ ಜಾಗಕ್ಕೆ. ಅಲ್ಲಿಂದ ಕೈ ತೂರಿಸಿ ಅವನ ಭುಜದ ಹಿಂಭಾಗ ಹಿಡಿದರೆ ಮ್ಯಾಟ್ ಮೇಲಿನವರು ಅದನ್ನು ಅಂಡರ್‌ಹುಕ್ ಅನ್ನುತ್ತಾರೆ. ಭುಜ ಮೇಲೆದ್ದರೆ ಅವನ ಸೊಂಟ ಬಯಲಾಗುತ್ತದೆ. ಸೊಂಟ ಬಯಲಾದರೆ ಕಾಲು ಸಿಗುತ್ತದೆ, ಇಲ್ಲವೇ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗಬಹುದು. ಅದಕ್ಕೇ ಇಬ್ಬರೂ ಮೊಣಕೈ ಬಿಗಿಮಾಡಿಕೊಂಡು ಅಲ್ಲಿ ಕಾವಲು ಕೂರುತ್ತಾರೆ.

ಇದಕ್ಕೊಂದು ಅಭ್ಯಾಸ ಇದೆ. ಇಬ್ಬರು ಎದೆಗೆ ಎದೆ ಕೊಟ್ಟು, ಒಬ್ಬರ ಭುಜದ ಮೇಲೆ ಒಬ್ಬರು ಗಲ್ಲ ಇಟ್ಟು ನಿಲ್ಲುತ್ತಾರೆ. ಇಬ್ಬರದೂ ಒಂದು ಕೈ ಒಳಗೆ, ಒಂದು ಕೈ ಹೊರಗೆ. ಹೊರಗಿನ ಕೈಯನ್ನು ಈಜುವಾಗ ಚಾಚಿದಂತೆ ಒಳಕ್ಕೆ ತೂರಿಸಬೇಕು. ಅವನೂ ಅದನ್ನೇ ಮಾಡುತ್ತಾನೆ. ಹೀಗೆ ಬದಲಾಯಿಸುತ್ತಾ ಹೋಗುವುದು. ಕಣ್ಣಿಗೆ ಕಾಣುವುದು ಅವನ ಕಿವಿ ಮತ್ತು ಹಿಂದಿನ ಗೋಡೆ, ಅಷ್ಟೇ. ಸ್ವಲ್ಪ ದಿನ ಕಳೆದ ಮೇಲೆ ಅವನು ಬಲಗಾಲಿಗೆ ಭಾರ ಹಾಕಿದ್ದು ನಿಮ್ಮ ಎದೆಗೆ ಗೊತ್ತಾಗುತ್ತದೆ. ಅವನು ಉಸಿರು ಬಿಗಿಹಿಡಿದದ್ದು ಗೊತ್ತಾಗುತ್ತದೆ. ಉಸಿರು ಬಿಗಿಹಿಡಿದನೆಂದರೆ ಏನೋ ಮಾಡಲು ಹೊರಟಿದ್ದಾನೆ. ನನ್ನನ್ನು ಕೇಳಿದರೆ ಹಿಡಿತದ ಆಟಗಳಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಹೊಸಬರಿಗೆ ಇದು ಇಷ್ಟವಾಗುವುದಿಲ್ಲ. ಅವರು ಯೂಟ್ಯೂಬಿನಲ್ಲಿ ಕೈ ತಿರುಚುವುದು, ಕತ್ತು ಅದುಮುವುದು ನೋಡಿಕೊಂಡು ಬಂದಿರುತ್ತಾರೆ. ಕಂಕುಳ ಕೆಳಗೆ ಕೈ ತೂರಿಸುತ್ತಾ ಕಾಲು ಗಂಟೆ ನಿಲ್ಲು ಅಂದರೆ ಮುಖ ಸಣ್ಣಗಾಗುತ್ತದೆ.

ಗರಡಿಯಲ್ಲಿ ಕೈಯ ಜೊತೆ ಮಣ್ಣಿನ ಲೆಕ್ಕವೂ ಇತ್ತು. ಬೆವರಿದ ಮೈ ಹಿಡಿತಕ್ಕೆ ಸಿಗುವುದಿಲ್ಲ, ಜಾರುತ್ತದೆ. ಅದಕ್ಕೆ ಪೈಲ್ವಾನರು ನಡುನಡುವೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಬೆನ್ನಿಗೆ, ಕತ್ತಿಗೆ ಎರಚುತ್ತಾರೆ. ನೋಡುವವರಿಗೆ ಅದು ಸಿಟ್ಟು ಅಂತ ಕಾಣಬಹುದು. ಹಿಡಿಯುವುದಕ್ಕೆ ಸಾಮಾನು ಸರಿಮಾಡಿಕೊಳ್ಳುವುದು ಅಷ್ಟೇ. ಎಣ್ಣೆ, ಅರಿಶಿನ, ಮಜ್ಜಿಗೆ ಎಲ್ಲ ಕುಡಿದ ಆ ಮಣ್ಣಿಗೆ ಒಂದು ವಾಸನೆ ಇರುತ್ತದೆ. ಸ್ನಾನ ಮಾಡಿದರೂ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ಅದನ್ನು ಸಡಿಲ ಮಾಡಲು ದಿನಾ ಗುದ್ದಲಿ ಹಿಡಿದು ಅಗೆಯುವುದೇ ದೊಡ್ಡ ಸಾಮು.

ನಿಂತವನನ್ನು ಬೀಳಿಸಲು ಮೊದಲು ಅವನ ಸಮತೋಲ ಕೆಡಿಸಬೇಕು. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಅನ್ನುವ ಶಾಲೆ ಶುರುಮಾಡಿ, ಜುಜುಟ್ಸು ಅನ್ನುವ ಹಳೆಯ ಕಾಳಗ ವಿದ್ಯೆಯ ಪಟ್ಟುಗಳನ್ನು ಸೋಸಿ ಜೂಡೋ ಕಟ್ಟಿದಾಗ ಈ ವಿಷಯವನ್ನು ಬಿಡಿಸಿ ಹೇಳಿದರು. ಮೊದಲು ಎದುರಾಳಿಯ ಸಮತೋಲ ಮುರಿಯುವುದು, ಆಮೇಲೆ ತನ್ನ ಮೈಯನ್ನು ಸರಿಯಾದ ಜಾಗಕ್ಕೆ ತರುವುದು, ಕೊನೆಗೆ ಎಸೆಯುವುದು. ಎಸೆತ ಕೊನೆಯ ಕೆಲಸ. ಸಮತೋಲ ಮುರಿಯಲು ಎಂಟು ದಿಕ್ಕು. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು ಅನ್ನುವುದು ಇನ್ನೊಂದು ಆಶ್ಚರ್ಯ. ಗರಡಿಯಲ್ಲಿ ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದರು. ತಳ್ಳಿದರೆ ಅವನು ತಿರುಗಿ ತಳ್ಳುತ್ತಾನೆ. ಅವನು ತಳ್ಳುವ ಹೊತ್ತಿಗೆ ನೀವು ಎಳೆಯಬೇಕು. ಎಳೆದಾಗ ಒಂದು ಹೆಜ್ಜೆ ಮುಂದೆ ಬರುತ್ತದೆ. ಆ ಹೆಜ್ಜೆ ನೆಲಕ್ಕೆ ಊರುವ ಮೊದಲೇ ನಿಮ್ಮ ಕೆಲಸ ಆಗಬೇಕು.

ಆ ಕೆಲಸ ಏನು? ಬಹಳಷ್ಟು ಸಲ, ಕಾಲಿಗೆ ಕೈ ಹಾಕುವುದು. ಬೆಳಗಾವಿ, ಕೊಲ್ಹಾಪುರದ ಕಡೆ ಒಂದು ಕಾಲು ಹಿಡಿದರೆ ಏಕೇರಿ ಪಟ್, ಎರಡನ್ನೂ ಹಿಡಿದರೆ ದುಹೇರಿ ಪಟ್. ಹೊಸಬರು ಇದನ್ನು ಸೊಂಟ ಬಗ್ಗಿಸಿ, ಕೈ ಚಾಚಿ ಮಾಡುತ್ತಾರೆ. ಅದು ಆಗದ ಕೆಲಸ. ಮೊಣಕಾಲು ಬಗ್ಗಿಸಿ ಇಡೀ ಮೈಯನ್ನು ಕೆಳಕ್ಕೆ ಇಳಿಸಬೇಕು, ಬೆನ್ನು ನೇರ ಇರುವಂತೆಯೇ. ಮುಂದಿನ ಕಾಲು ಅವನ ಎರಡು ಪಾದಗಳ ನಡುವೆ ಹೋಗಬೇಕು. ಮೊಣಕಾಲು ನೆಲಕ್ಕೆ ತಾಗಿ ಜಾರಬೇಕು, ಹಿಂದಿನ ಕಾಲು ಸುತ್ತಿ ಮುಂದೆ ಬರಬೇಕು. ತಲೆ ಅವನ ಪಕ್ಕೆಗೆ ಒತ್ತಿರಬೇಕು. ಕೈಗಳು ಮೊಣಕಾಲಿನ ಹಿಂದೆ ಬೀಗ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅವನನ್ನು ಬೀಳಿಸುವುದು ಕೈಯಲ್ಲ, ಪಕ್ಕೆಗೆ ಒತ್ತಿದ ತಲೆ ಮತ್ತು ನೆಲ ಒದೆಯುತ್ತಿರುವ ಕಾಲು.

2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ಪಂದ್ಯದ ವೀಡಿಯೊ ಸಿಕ್ಕಿದರೆ ನೋಡಿ. 58 ಕೆಜಿ ವಿಭಾಗ, ಎದುರಿಗೆ ಕಿರ್ಗಿಸ್ತಾನದ ಐಸುಲು ತಿನಿಬೆಕೊವಾ. ಮೊದಲ ಮೂರು ನಿಮಿಷ ಮುಗಿದಾಗ 0-5. ಅಲ್ಲಿಂದ ಎದ್ದುಬಂದು ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಪಂದ್ಯ ತಿರುಗಿಸಿದರು. ಅಂತಿಮ ಅಂಕ 8-5. ಎರಡನೇ ಅವಧಿಯಲ್ಲಿ ಅವರು ಮತ್ತೆ ಮತ್ತೆ ಕಾಲಿಗೆ ನುಗ್ಗುವುದನ್ನು ನೋಡಬೇಕು. ವಿಶೇಷ ಪಟ್ಟು ಅಂತೇನೂ ಇಲ್ಲ. ಎಲ್ಲ ಅಖಾಡಗಳಲ್ಲೂ ಮೊದಲ ವರ್ಷ ಕಲಿಸುವಂಥದ್ದು.

ಕಾಲಿಗೆ ಬಂದವನಿಗೆ ಉತ್ತರವೂ ಅಷ್ಟೇ ಸರಳ. ಎರಡೂ ಕಾಲನ್ನು ಒಮ್ಮೆಲೇ ಹಿಂದಕ್ಕೆ ಎಸೆದು, ಸೊಂಟವನ್ನು ಅವನ ತಲೆ, ಭುಜದ ಮೇಲೆ ಇಳಿಸಿಬಿಡುವುದು. ಸ್ಪ್ರಾಲ್ ಅಂತಾರೆ. ಕೈಯಿಂದ ತಡೆಯಲು ಹೋದವರು ಬೀಳುತ್ತಾರೆ. ಸೊಂಟದ ಭಾರ ಬಿಟ್ಟವರು ಉಳಿಯುತ್ತಾರೆ. ಇಷ್ಟು ಮಾಡಿದ ಮೇಲೆ ಅವನು ಕೆಳಗೆ ಬೋರಲು, ನೀವು ಮೇಲೆ.

ಇಲ್ಲಿಯವರೆಗೆ ಗರಡಿಗೂ ಮ್ಯಾಟಿಗೂ ಜಗಳ ಇಲ್ಲ. ಜಗಳ ಶುರುವಾಗುವುದು ಆ ಬೋರಲು ಬಿದ್ದವನ ವಿಷಯಕ್ಕೆ.

ನಾಡಕುಸ್ತಿಯಲ್ಲಿ ಅವನಿಗೆ ಏನೂ ಆಗಿಲ್ಲ. ಬೆನ್ನು ಆಕಾಶ ನೋಡುತ್ತಿದೆ, ಅಷ್ಟು ಸಾಕು. ಅವನು ಕೈಕಾಲು ಅಗಲಿಸಿ, ಗಲ್ಲವನ್ನು ಎದೆಗೆ ಒತ್ತಿ, ಹೊಟ್ಟೆಯನ್ನು ಮಣ್ಣಿಗೆ ಅಂಟಿಸಿ ಮಲಗುತ್ತಾನೆ. ಮೇಲಿದ್ದವನು ಮೊಣಕೈಯಲ್ಲಿ ಕತ್ತು ತಿಕ್ಕುತ್ತಾನೆ, ಲಂಗೋಟಿ ಹಿಡಿದು ಜಗ್ಗುತ್ತಾನೆ, ಕಾಲಿಗೆ ಕಾಲು ಹೆಣೆಯುತ್ತಾನೆ. ಘಿಸ್ಸಾ, ಸವಾರಿ, ಮೋಳಿ ಅಂತ ಉತ್ತರ ಕರ್ನಾಟಕದ ಪೈಲ್ವಾನರು ಹೆಸರಿಸುವ ಡಾವುಗಳೆಲ್ಲ, ಅಂದರೆ ಪಟ್ಟುಗಳೆಲ್ಲ, ಬೋರಲು ಬಿದ್ದವನನ್ನು ಅಂಗಾತ ತಿರುಗಿಸಲು ಇರುವಂಥವು. ಕೆಳಗಿನವನು ಮಣ್ಣು ತಿನ್ನುತ್ತಾ ಕಾಯುತ್ತಾನೆ. ಮೇಲಿನವನು ಸುಸ್ತಾಗಲಿ ಅಂತ. ಮೈಸೂರಿನಲ್ಲಿ ದಸರಾ ಸಮಯದಲ್ಲಿ ದೊಡ್ಡಕೆರೆ ಮೈದಾನದ ಕಡೆ ನಡೆಯುವ ನಾಡಕುಸ್ತಿಗೆ ಹೋದರೆ ಇಂಥ ಜೋಡಿ ಖಂಡಿತ ಸಿಗುತ್ತದೆ. ಒಬ್ಬ ಮಲಗಿರುತ್ತಾನೆ, ಇನ್ನೊಬ್ಬ ಅವನನ್ನು ಮಗುಚಲು ಹೆಣಗುತ್ತಿರುತ್ತಾನೆ. ಸುತ್ತಲಿನವರು ಎದ್ದು ನಿಂತು ಉಪಾಯ ಹೇಳುತ್ತಿರುತ್ತಾರೆ. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾಗದ ಹಿರಿಯರ ದನಿಯೇ ಅದರಲ್ಲಿ ಜೋರು.

ಮ್ಯಾಟಿನ ಮೇಲೆ ಇಷ್ಟು ಸಮಯ ಸಿಗುವುದಿಲ್ಲ. ಕಾಲಿಗೂ ಕೈ ಹಾಕಬಹುದಾದ ಫ್ರೀಸ್ಟೈಲ್ ಶೈಲಿಯ ಪಂದ್ಯ ಮೂರು ಮೂರು ನಿಮಿಷದ ಎರಡು ಭಾಗ, ನಡುವೆ 30 ಸೆಕೆಂಡ್ ವಿಶ್ರಾಂತಿ. ನಿಂತವನನ್ನು ಬೀಳಿಸಿ ಹಿಡಿತಕ್ಕೆ ತಂದುಕೊಂಡರೆ 2 ಪಾಯಿಂಟ್. ಬೀಳಿಸಿದವನನ್ನು ಉರುಳಿಸಿ ಬೆನ್ನು ಮ್ಯಾಟಿನ ಕಡೆ ತಿರುಗಿಸಿದರೆ ಇನ್ನೆರಡು. ಬೆನ್ನು ತಾಗಲೇಬೇಕೆಂದಿಲ್ಲ, ಮ್ಯಾಟಿಗೆ 90 ಡಿಗ್ರಿಗಿಂತ ಕಡಿಮೆ ಕೋನಕ್ಕೆ ವಾಲಿದರೂ ಅಪಾಯದ ಸ್ಥಿತಿ ಅಂತ ಲೆಕ್ಕ. 10 ಪಾಯಿಂಟ್ ಅಂತರ ಬಂದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಉರುಳಿಸುವುದೇ ಒಂದು ಕಸುಬು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಯೋಗೇಶ್ವರ್ ದತ್ ಉತ್ತರ ಕೊರಿಯಾದ ಪೈಲ್ವಾನನ ಎರಡೂ ಪಾದಗಳನ್ನು ಒಂದರ ಮೇಲೊಂದು ಕತ್ತರಿ ಹಾಕಿ ಹಿಡಿದು, ತಾನೂ ಉರುಳುತ್ತಾ ಅವನನ್ನೂ ಉರುಳಿಸುತ್ತಾ ಹೋಗಿ ಕಂಚು ತಂದದ್ದು ನೆನಪಿರಬಹುದು. ಉತ್ತರ ಭಾರತದವರು ಅದನ್ನು ಫಿತ್ಲೆ ಅನ್ನುತ್ತಾರೆ. ಒಂದು ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು ಅವರಿಗೆ.

ಪಾಯಿಂಟ್ ಎಷ್ಟೇ ಇದ್ದರೂ ಹಳೆಯ ನಿಯಮ ಇಲ್ಲೂ ಉಳಿದುಕೊಂಡಿದೆ. ಎರಡೂ ಭುಜ ಮ್ಯಾಟಿಗೆ ಒತ್ತಿ ಹಿಡಿದರೆ ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಟೋಕಿಯೊ ಒಲಿಂಪಿಕ್ಸಿನ ಸೆಮಿಫೈನಲ್ಲಿನಲ್ಲಿ ರವಿ ದಹಿಯಾ ಕಜಕಸ್ತಾನದ ನುರಿಸ್ಲಾಮ್ ಸನಯೇವ್ ಎದುರು ಒಂದು ಹಂತದಲ್ಲಿ 2-9 ಹಿಂದಿದ್ದರು. ನಮ್ಮ ಮನೆಯಲ್ಲಿ ಟಿವಿ ಆಫ್ ಮಾಡೋಣ ಅನ್ನುವ ಮಾತು ಬಂದಿತ್ತು. ಕೊನೆಯಲ್ಲಿ ರವಿ ಅವನನ್ನು ಅಂಗಾತ ಹಾಕಿ ಒತ್ತಿದರು. ಕೆಳಗಿದ್ದವನು ರವಿಯ ತೋಳು ಕಚ್ಚಿದ. ಹಲ್ಲಿನ ಗುರುತು ಮರುದಿನದ ಪೇಪರುಗಳಲ್ಲೆಲ್ಲ ಬಂತು. ರವಿ ಹಿಡಿತ ಬಿಡಲಿಲ್ಲ.

ಒಲಿಂಪಿಕ್ಸಿನ ಇನ್ನೊಂದು ಕುಸ್ತಿ ಶೈಲಿ ಗ್ರೀಕೊ-ರೋಮನ್ ಬಗ್ಗೆ ಒಂದೇ ಮಾತು. ಸೊಂಟದ ಕೆಳಗೆ ಮುಟ್ಟುವ ಹಾಗಿಲ್ಲ, ಕಾಲು ಉಪಯೋಗಿಸುವ ಹಾಗೂ ಇಲ್ಲ. ಹಾಗಾಗಿ ಅವರ ನಿಲುವು ನೆಟ್ಟಗೆ, ಕಂಕುಳಿನ ಜಗಳ ದುಪ್ಪಟ್ಟು. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ಪಿನ 55 ಕೆಜಿ ವಿಭಾಗದಲ್ಲಿ ಕಂಚು ಗೆದ್ದದ್ದು ಈ ಶೈಲಿಯಲ್ಲಿ. ಕನ್ನಡದವರು ಇದನ್ನು ಇನ್ನೂ ಸ್ವಲ್ಪ ಜಾಸ್ತಿ ಹೇಳಿಕೊಳ್ಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಕ್ರಿಕೆಟ್ಟಿನಲ್ಲಿ ಇದರ ಕಾಲುಭಾಗ ಮಾಡಿದವರಿಗೂ ಸನ್ಮಾನ ಸಿಕ್ಕಿದೆ.

ಜೂಡೋದವರು ಬೆನ್ನಿಗೆ ಇನ್ನೊಂದು ಬೆಲೆ ಕಟ್ಟಿದರು. ಚೆನ್ನಾಗಿ ಎಸೆದು ಬೆನ್ನ ಮೇಲೆ ಬೀಳಿಸಿದರೆ ಪೂರ್ತಿ ಅಂಕ, ಪಂದ್ಯ ಮುಗಿಯಿತು. ಎಸೆತ ಅರೆಬರೆ ಆದರೆ ನೆಲದಲ್ಲಿ ಒತ್ತಿ ಹಿಡಿಯಬೇಕು, ಈಗಿನ ಲೆಕ್ಕದಲ್ಲಿ 20 ಸೆಕೆಂಡ್. ಕ್ಷಣಮಾತ್ರ ಭುಜ ತಾಗಿಸಿದರೆ ಇಲ್ಲಿ ಏನೂ ಸಿಗುವುದಿಲ್ಲ. ಅಂತರರಾಷ್ಟ್ರೀಯ ಜೂಡೋದಲ್ಲಿ 2010ರಿಂದ ಕಾಲಿಗೆ ಕೈ ಹಾಕುವುದಕ್ಕೆ ಕಡಿವಾಣ ಬಿತ್ತು, 2013ರ ಹೊತ್ತಿಗೆ ಪೂರ್ತಿ ನಿಷೇಧ. ಇದರ ಫಲ ಕಣ್ಣಿಗೇ ಕಾಣುತ್ತದೆ. ಕಾಲು ಕಾಯುವ ಅಗತ್ಯ ಇಲ್ಲದ ಜೂಡೋ ಪಟು ನೆಟ್ಟಗೆ ನಿಲ್ಲುತ್ತಾನೆ. ಅವನನ್ನು ಕುಸ್ತಿ ಮ್ಯಾಟಿಗೆ ತಂದು ನಿಲ್ಲಿಸಿ, ಮೊದಲ ನಿಮಿಷದಲ್ಲೇ ಯಾರಾದರೂ ಕಾಲು ಎತ್ತಿಬಿಡುತ್ತಾರೆ.

ಆದರೆ ಜೂಡೋದವರ ಒಂದು ಪಾಠಕ್ಕೆ ನಾನು ಕೈ ಮುಗಿಯುತ್ತೇನೆ. ಅವರು ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗಲ್ಲ ಎದೆಗೆ ಒತ್ತಬೇಕು, ತಲೆ ನೆಲಕ್ಕೆ ಬಡಿಯಬಾರದು. ಕೈಯನ್ನು ಮೈಯಿಂದ ಸ್ವಲ್ಪ ದೂರ ಓರೆಯಾಗಿ ಇಟ್ಟು ಇಡೀ ತೋಳಿನಿಂದ ನೆಲಕ್ಕೆ ಬಡಿಯಬೇಕು. ಬೀಳುವಾಗ ಅಂಗೈ ಊರಿ ತಡೆಯಲು ಹೋದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಗರಡಿಯಲ್ಲಿ ಇದನ್ನು ಯಾರೂ ಪ್ರತ್ಯೇಕವಾಗಿ ಕಲಿಸುತ್ತಿರಲಿಲ್ಲ. ಸಡಿಲ ಮಣ್ಣು ತಾಯಿ ಇದ್ದ ಹಾಗೆ, ಹೇಗೆ ಬಿದ್ದರೂ ಹಿಡಿದುಕೊಳ್ಳುತ್ತದೆ ಅನ್ನುವ ನಂಬಿಕೆ. ಬಚ್ಚಲಿನಲ್ಲಿ ಜಾರಿ ಬೀಳುವವರಿಗೂ, ಸ್ಕೂಟರಿನಿಂದ ಬೀಳುವವರಿಗೂ ಉಪಯೋಗಕ್ಕೆ ಬರುವ ವಿದ್ಯೆ ಈ ಎಲ್ಲ ಆಟಗಳಲ್ಲಿ ಇದೊಂದೇ ಇರಬೇಕು.

ಇನ್ನು ಜಿಯು-ಜಿಟ್ಸು. ಕೊಡೊಕಾನಿನಲ್ಲಿ ಕಲಿತ ಮಿತ್ಸುಯೊ ಮಯೆದಾ ದೇಶದೇಶ ತಿರುಗಿ 1914ರಲ್ಲಿ ಬ್ರೆಜಿಲಿಗೆ ಹೋದರು. ಅಲ್ಲಿ ಗ್ರೇಸಿ ಮನೆತನದವರು ಆ ವಿದ್ಯೆಯ ನೆಲದ ಭಾಗವನ್ನು ಹಿಡಿದು ಬೆಳೆಸಿದರು. ಇಲ್ಲಿ ಬೆನ್ನು ತಾಗಿದರೆ ಪಂದ್ಯ ಮುಗಿಯುವುದಿಲ್ಲ. ಎದುರಾಳಿ ಸೋತೆ ಅಂತ ತಟ್ಟಿದಾಗ ಮುಗಿಯುತ್ತದೆ. ಈ ಒಂದು ಬದಲಾವಣೆಯಿಂದ ಇಡೀ ಮೈಯ ಭೂಗೋಳ ಬದಲಾಯಿತು. ಅಂಗಾತ ಮಲಗಿ ಎರಡು ಕಾಲಿನ ನಡುವೆ ಎದುರಾಳಿಯನ್ನು ಇಟ್ಟುಕೊಂಡರೆ ಅದು ಗಾರ್ಡ್. ಅಲ್ಲಿಂದ ಅವನ ಕೈ ತಿರುಚಬಹುದು, ಕತ್ತು ಬಿಗಿಯಬಹುದು, ಮಗುಚಿ ಮೇಲೆ ಬರಬಹುದು. ಮೇಲಿದ್ದವನು ಆ ಕಾಲುಗಳನ್ನು ದಾಟಿ ಪಕ್ಕಕ್ಕೆ ಬಂದರೆ ಅವನಿಗೆ 3 ಪಾಯಿಂಟ್. ಎದೆಯ ಮೇಲೆ ಕೂತರೆ 4. ಹಿಂದಿನಿಂದ ಬೆನ್ನು ಹತ್ತಿ ಕಾಲು ಹೆಣೆದರೂ 4. ನಿಂತವನನ್ನು ಬೀಳಿಸಿದ್ದಕ್ಕೆ ಬರೀ 2. ಅಂದರೆ ಕುಸ್ತಿಯವನು ಜೀವ ತೇದು ಕಲಿತದ್ದಕ್ಕೆ ಇಲ್ಲಿ ಕಡಿಮೆ ಬೆಲೆ. ಅವನು ಸುರಕ್ಷಿತ ಅಂದುಕೊಂಡ ಬೋರಲು ಭಂಗಿ ಇಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ.

ಇದನ್ನು ಬರೆದು ತಿಳಿಸುವುದಕ್ಕಿಂತ ನಾನು ನೋಡಿದ್ದನ್ನು ಹೇಳುತ್ತೇನೆ. ನಮ್ಮ ಕ್ಲಾಸಿಗೆ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಸೇರಿದ. ಚಿಕ್ಕಂದಿನಿಂದ ಅಖಾಡದಲ್ಲಿ ಬೆಳೆದವನು, ಬೆಂಗಳೂರಿಗೆ ಜಿಮ್ಮಿನ ಕೆಲಸಕ್ಕೆ ಬಂದಿದ್ದ. ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರು ಅಂತ ಹೇಳುವುದು ಕಷ್ಟ. ಮೊದಲ ದಿನವೇ ನಿಂತ ಎಲ್ಲರನ್ನೂ ಸರದಿಯಂತೆ ಬೀಳಿಸಿದ, ನನ್ನನ್ನೂ ಸೇರಿಸಿ. ಕೊನೆಗೆ ಕೋಚ್ ಅವನಿಗೆ ಒಬ್ಬ ಹೆಣ್ಣುಮಗಳನ್ನು ಜೋಡಿ ಮಾಡಿದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್, ಅವನಿಗಿಂತ ಐದಾರು ವರ್ಷ ದೊಡ್ಡವಳು, ತೂಕದಲ್ಲಿ ಅವನ ಮುಕ್ಕಾಲು ಭಾಗವೂ ಇಲ್ಲ. ಅವನು ಸಂಕೋಚದಿಂದಲೇ ಕಾಲು ಹಿಡಿದು ಮೆಲ್ಲಗೆ ಕೂರಿಸಿದ. ಅವಳು ಕೂಡಲೇ ಅಂಗಾತ ಮಲಗಿ ಅವನ ಸೊಂಟಕ್ಕೆ ಕಾಲು ಸುತ್ತಿದಳು. ಅವನು ನಕ್ಕ. ಅವನ ಲೆಕ್ಕದಲ್ಲಿ ಪಂದ್ಯ ಆಗಲೇ ಮುಗಿದಿತ್ತು.

ಅವನು ಎದ್ದು ನಿಲ್ಲಲು ಹೋದ. ಅವಳು ಎರಡೂ ಹಿಮ್ಮಡಿ ಹಿಡಿದು ಮೊಣಕಾಲಿನಿಂದ ಅವನ ಸೊಂಟ ಹಿಂದಕ್ಕೆ ದೂಡಿದಳು. ಅಷ್ಟು ದೊಡ್ಡ ಆಳು ಹಿಂದಕ್ಕೆ ವಾಲಿದ. ಆಗ ನೋಡಬೇಕಿತ್ತು. ಬೀಳುತ್ತಿರುವಾಗಲೇ ಅವನ ಮೈ ತಾನಾಗಿ ತಿರುಗಿತು. ಬೆಕ್ಕು ಕೂಡ ಅಷ್ಟು ಚೆಂದ ತಿರುಗುವುದಿಲ್ಲ. ನೆಲಕ್ಕೆ ತಾಗಿದ್ದು ಹೊಟ್ಟೆ. ಇಷ್ಟು ವರ್ಷದ ಗರಡಿ ಅದೊಂದು ತಿರುವಿನಲ್ಲಿ ಕಾಣಿಸಿತು. ಬೋರಲು ಬಿದ್ದವನು ಗಲ್ಲ ಒತ್ತಿ, ಕೈ ಅಗಲಿಸಿ ನೆಮ್ಮದಿಯಾಗಿ ಮಲಗಿದ. ಅವಳು ಬೆನ್ನು ಹತ್ತಿದಳು, ಎರಡೂ ಹಿಮ್ಮಡಿಯನ್ನು ಅವನ ತೊಡೆಯ ಒಳಕ್ಕೆ ಸಿಕ್ಕಿಸಿದಳು. ಬಲಗೈಯನ್ನು ಕಿವಿಯ ಪಕ್ಕದಿಂದ ಗಲ್ಲದ ಕೆಳಕ್ಕೆ ನಿಧಾನವಾಗಿ ತೂರಿಸಿದಳು. ಅವನು ತಡೆಯಲೇ ಇಲ್ಲ. ಅವನ ಕೈಗಳು ಇನ್ನೂ ಮ್ಯಾಟನ್ನು ಒತ್ತಿ ಹಿಡಿದಿದ್ದವು, ಯಾರೋ ತನ್ನನ್ನು ಮಗುಚುತ್ತಾರೆ ಅಂತ. ಮುಖ ಕೆಂಪಗಾಯಿತು, ಕಿವಿ ಕೆಂಪಗಾಯಿತು. ಕೋಚ್ "ಟ್ಯಾಪ್, ಟ್ಯಾಪ್!" ಅಂತ ಕೂಗಿದರು. ಅವಳೇ ಬಿಟ್ಟಳು.

ಎದ್ದು ಕೂತು ಕತ್ತು ಸವರಿಕೊಂಡು ಅವನು ಹೇಳಿದ: "ನನ್ನ ಬೆನ್ನ ನೆಲಕ್ಕ ಹತ್ತೇ ಇಲ್ಲಲ್ರೀ ಅಕ್ಕಾರ!"

"ಅದಕ್ಕೇ ರೀ ಸಿಕ್ಕಿದ್ದು," ಅಂದಳು ಅವಳು.

ಆ ಹಿಡಿತ ಕೆಲಸ ಮಾಡುವುದು ಉಸಿರು ಕಟ್ಟಿಸಿ ಅಲ್ಲ. ಕತ್ತಿನ ಎರಡೂ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ತೋಳಿನ ಮಡಿಕೆ ಗಲ್ಲದ ಕೆಳಗೆ ಸರಿಯಾಗಿ ಕೂತರೆ ಒಂದು ಕಡೆ ತೋಳಿನ ಮೇಲ್ಭಾಗ, ಇನ್ನೊಂದು ಕಡೆ ಮುಂಗೈ ಒತ್ತುತ್ತದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ಹೋಗುತ್ತದೆ. ನೋವೇ ಆಗದೆ ಹೋಗಬಹುದು, ಅಪಾಯ ಇರುವುದೂ ಅಲ್ಲೇ. ಅದಕ್ಕೇ ಇಲ್ಲಿ ಮೊದಲ ದಿನ ಮೊದಲು ಕಲಿಸಬೇಕಾದ್ದು ತಟ್ಟುವುದನ್ನು. ಎದುರಾಳಿಯ ಮೈಗೆ ಎರಡು ಮೂರು ಸಲ ತಟ್ಟಿದರೆ ಅವನು ಆ ಕ್ಷಣ ಬಿಡಬೇಕು. ಗರಡಿಯಿಂದ ಬಂದವರಿಗೆ ಇದು ಕಷ್ಟ. ನಮಗೆ ಸೋಲು ಅಂದರೆ ಇನ್ನೊಬ್ಬ ಮಾಡುವ ಕೆಲಸ, ಬೆನ್ನು ತಾಗಿಸುವ ಕೆಲಸ. ನಾವೇ ಸೋತೆ ಅಂತ ಹೇಳುವ ರೂಢಿ ಇಲ್ಲ. ಈ ವಿದ್ಯೆಯನ್ನು ಮನೆಯಲ್ಲಿ ತಮ್ಮನ ಮೇಲೆ, ಹಾಸ್ಟೆಲಿನಲ್ಲಿ ರೂಮ್‌ಮೇಟ್ ಮೇಲೆ ಪ್ರಯೋಗ ಮಾಡುವವರಿಗೆ ಎಷ್ಟು ಬೈದರೂ ಸಾಲದು.

1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರಿನಲ್ಲಿ, ಬೇರೆ ಬೇರೆ ವಿದ್ಯೆಯವರು ಪಂಜರದೊಳಗೆ ಹೊಡೆದಾಡುವ ಪಂದ್ಯಾವಳಿಯಾದ ಮೊದಲ ಯುಎಫ್‌ಸಿ ನಡೆದಾಗ ಪ್ರಪಂಚ ನೋಡಿದ್ದೂ ಇದನ್ನೇ. ಬಿಳಿ ಉಡುಪಿನ ಸಪೂರ ಮನುಷ್ಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ನೆಲಕ್ಕೆ ಒಯ್ದು ಸೋಲಿಸಿದರು. ಆಮೇಲೆ ಕುಸ್ತಿಯವರು ಸುಮ್ಮನಿರಲಿಲ್ಲ. ಕತ್ತು ಕಾಯುವುದನ್ನು ಕಲಿತು ಬಂದು ಆ ಪಂಜರದೊಳಗೆ ರಾಜ್ಯಭಾರ ಮಾಡಿದರು, ಈಗಲೂ ಮಾಡುತ್ತಿದ್ದಾರೆ. ಯಾಕೆಂದರೆ ಜಗಳ ನಿಂತು ನಡೆಯಬೇಕೋ ನೆಲದಲ್ಲಿ ನಡೆಯಬೇಕೋ ಅನ್ನುವುದನ್ನು ತೀರ್ಮಾನಿಸುವವನು ಚೆನ್ನಾಗಿ ಬೀಳಿಸಬಲ್ಲವನೇ.

ಯಾವುದು ಹಳೆಯದು, ಯಾವುದು ಎಲ್ಲಿಂದ ಬಂತು ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಎಲ್ಲ ನಮ್ಮಿಂದಲೇ ಹೋಗಿದ್ದು ಅನ್ನುವ ವಾಟ್ಸಾಪ್ ಸಂದೇಶಗಳು ನನಗೂ ಬರುತ್ತವೆ. ಹಳೆಯದು ಬೇಕಾದವರಿಗೆ ಗಟ್ಟಿ ದಾಖಲೆ ಇದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅನ್ನುವ ಒಂದು ಭಾಗವೇ ಇದೆ. ಪೈಲ್ವಾನರ ದರ್ಜೆ, ಸಾಮು, ಊಟ ಎಲ್ಲ ಬರುತ್ತದೆ. ಎರಡು ಮೈಗಳು ಒಂದನ್ನೊಂದು ಹಿಡಿದರೆ ಮಾಡಬಹುದಾದ್ದು ಇಷ್ಟೇ ಅಂತ ಇರುವಾಗ ಬೇರೆ ಬೇರೆ ಊರಿನವರು ಒಂದೇ ಪಟ್ಟು ಕಂಡುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಬೇರೆಯಾಗಿರುವುದು ಎಲ್ಲಿ ನಿಲ್ಲಿಸಬೇಕು ಅನ್ನುವುದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ಜಟ್ಟಿಗಳ ಕೈಯಲ್ಲಿ ಮುಷ್ಟಿಯ ಆಯುಧ, ಬೋಳಿಸಿದ ತಲೆ. ಅಲ್ಲಿ ಬೆನ್ನನ್ನು ಯಾರೂ ನೋಡುವುದಿಲ್ಲ. ಮೊದಲ ಹನಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ.

ಕಲಿಯಬೇಕು ಅನ್ನುವವರಿಗೆ ಎರಡು ಉಪಕಾರದ ಮಾತು. ಕಿವಿ ನೋಡಿಕೊಳ್ಳಿ. ಎದುರಾಳಿಯ ತಲೆಗೆ, ಮ್ಯಾಟಿಗೆ ಉಜ್ಜಿ ಉಜ್ಜಿ ಕಿವಿಯ ಚರ್ಮದ ಕೆಳಗೆ ರಕ್ತ ತುಂಬಿಕೊಳ್ಳುತ್ತದೆ. ಒಳಗಿನ ಮೃದು ಎಲುಬಿಗೆ ಪೋಷಣೆ ಸಿಗುವುದು ಅದರ ಮೇಲಿನ ಪೊರೆಯಿಂದ. ರಕ್ತ ತುಂಬಿ ಅವೆರಡೂ ಬೇರೆಯಾದರೆ ಎಲುಬು ಸೊರಗಿ, ಗಾಯ ಗಟ್ಟಿಯಾಗಿ, ಕಿವಿ ಮುದುಡಿ ಹೋಗುತ್ತದೆ. ಊದಿಕೊಂಡ ಕೂಡಲೇ ಡಾಕ್ಟರ ಹತ್ತಿರ ಹೋಗಿ ರಕ್ತ ತೆಗೆಸಿ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡರೆ ಉಳಿಯುತ್ತದೆ, ವಾರಗಟ್ಟಲೆ ಬಿಟ್ಟರೆ ಇಲ್ಲ. ಗರಡಿಯಲ್ಲಿ ಅಂಥ ಕಿವಿಗೆ ಭಾರಿ ಮರ್ಯಾದೆ ಇತ್ತು. ಹೆಣ್ಣು ನೋಡಲು ಹೋದಾಗ ಮಾತ್ರ ಟೋಪಿ ಹಾಕುತ್ತಿದ್ದರು. ಇನ್ನೊಂದು, ಚರ್ಮ. ಉಗುರು ಕತ್ತರಿಸಿಕೊಳ್ಳಿ, ಅಭ್ಯಾಸ ಮುಗಿದ ಕೂಡಲೇ ಸ್ನಾನ ಮಾಡಿ, ಗಜಕರ್ಣ ಕಂಡರೆ ವಾಸಿಯಾಗುವವರೆಗೆ ಮನೆಯಲ್ಲಿರಿ. ಮಣ್ಣಿಗಿಂತ ರೆಕ್ಸಿನ್ ಮ್ಯಾಟು ಶುದ್ಧ ಅಂದುಕೊಳ್ಳಬೇಡಿ. ದಿನಾ ಒರೆಸದಿದ್ದರೆ ಅದೂ ಅಷ್ಟೇ.

ಎಲ್ಲಿಂದ ಶುರುಮಾಡಲಿ ಅಂತ ಕೇಳಿದರೆ ಮಕ್ಕಳಿಗೆ ಕುಸ್ತಿಯನ್ನೋ ಜೂಡೋವನ್ನೋ ಹೇಳುತ್ತೇನೆ. ನಿಂತು ಹಿಡಿಯುವುದು, ಬೀಳುವುದು ಚಿಕ್ಕ ವಯಸ್ಸಿನಲ್ಲಿ ಬಂದಷ್ಟು ಚೆನ್ನಾಗಿ ಆಮೇಲೆ ಬರುವುದಿಲ್ಲ. ನಲವತ್ತರ ಮೇಲಿನವರಿಗೆ ಜಿಯು-ಜಿಟ್ಸು, ಕೂತುಕೊಂಡೇ ಶುರುಮಾಡಬಹುದು ಅನ್ನುವ ಒಂದೇ ಕಾರಣಕ್ಕೆ. ಒಂದನ್ನು ಕಲಿತವರು ಇನ್ನೊಂದಕ್ಕೆ ಹೋದರೆ ಹಳೆಯ ಅಭ್ಯಾಸ ಬಿಡಿಸಲು ಕಾಲ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಇನ್ನೂ ಕಷ್ಟ.

ಆ ಬಾಗಲಕೋಟೆಯ ಹುಡುಗ ಕ್ಲಾಸ್ ಬಿಡಲಿಲ್ಲ. ಅವಳಿಗೆ ಪಟ್ ಹಾಕುವುದು ಹೇಳಿಕೊಟ್ಟ, ಅವಳು ಅವನಿಗೆ ಗಾರ್ಡ್ ಹೇಳಿಕೊಟ್ಟಳು. ಮಳೆಗಾಲ ಕಳೆಯುವ ಹೊತ್ತಿಗೆ ಅಂಗಾತ ಮಲಗುವುದು ಅವನಿಗೆ ಎಷ್ಟು ರೂಢಿಯಾಯಿತೆಂದರೆ ಬಿದ್ದರೆ ತಿರುಗುವುದನ್ನೇ ಬಿಟ್ಟ. ಊರ ಜಾತ್ರೆ ಬಂತು. ಜಂಗೀ ನಿಕಾಲಿ ಕುಸ್ತಿ, ಅಂದರೆ ಸೋಲು-ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಕುಸ್ತಿ, ಗೆದ್ದವರಿಗೆ ಬೆಳ್ಳಿ ಕಡಗ. ರಜೆ ಹಾಕಿ ಹೋದ. ತಿರುಗಿ ಬಂದ ಮೇಲೆ ಬೂಟು ಬಿಚ್ಚುತ್ತಾ ಅವನೇ ಹೇಳಿದ್ದು: "ಅವ ತಳ್ಳಿದ್ದ ತಡ, ಮಲಗಿ ಅವನ ಸೊಂಟಕ್ಕ ಕಾಲ ಹಾಕಿ ಆರಾಮ ಹಿಡಕೊಂಡೆ ನೋಡ್ರಿ. ಹಲಗಿ ಬಡಿಯೋದು ಕೇಳಾಕತ್ತಿತ್ತು. ನಂಗ ಬಡಿಲಿಕ್ಕತ್ತಾರ ಅಂದ್ಕೊಂಡೆ."

ಅವನ ಅಪ್ಪ ಅಖಾಡದ ಅಂಚಿನಲ್ಲೇ ಕೂತಿದ್ದರಂತೆ. ನೋಡಿ ಏನಂದರು ಅಂತ ಕೇಳಿದೆ.

"ಏನೂ ಅನ್ಲಿಲ್ರೀ. ಸೀದಾ ಎದ್ದು ಚಾ ಕುಡಿಯಾಕ ಹೋದ್ರು."